ನಿಡೋಣಿ ಅಜ್ಜನ ಧೋತರ

ನಾನು ವಿಜಯಪುರದಲ್ಲಿ ಬಾಡಿಗೆ ಕಾರು ಓಡಿಸುತ್ತೇನೆ. ಗೋಳಗುಮ್ಮಟ ನೋಡಲು ಬಂದ ಜರ್ಮನಿಯ ಹೆಂಗಸೊಬ್ಬರು, ಬವೇರಿಯಾದ ತಮ್ಮ ಸಣ್ಣ ಊರಲ್ಲಿ ಹಿಂದೊಬ್ಬ ನೂರು ದಾಟಿ ಎಷ್ಟೋ ವರ್ಷ ಬದುಕಿದ್ದನಂತೆ ಎಂದು ಹೆಮ್ಮೆಯಿಂದ ಹೇಳಿದರು. ನಾನು ಸುಮ್ಮನಿರುತ್ತೇನೆಯೇ? ನೇರ ನಿಡೋಣಿಗೆ ಕರೆದೊಯ್ದು, ನೂರು ದಾಟಿದ್ದಾನೆಂದು ಊರೇ ಹೇಳುವ ಅಜ್ಜನ ಮುಂದೆ ಕೂರಿಸಿದೆ. ಆಕೆ ಇಂಗ್ಲಿಷಿನಲ್ಲಿ ಹೇಳಿದ ಆ ಮುದುಕನ ಕಥೆಯನ್ನು ತಿಳಿದಷ್ಟು ಕನ್ನಡ ಮಾಡಿ ಹೇಳಿದೆ.

ಅಜ್ಜ ಕೇಳಿದ್ದು ಒಂದೇ: "ಮಂದಿ ಆ ಮನಿಷ್ಯಾಗ ಒಂದಾದ್ರೂ ಧೋತರ ಉಳಿಸಿದ್ರೇನ ತಮ್ಮಾ?"

ನಮ್ಮ ಕಡೆ ಹುಟ್ಟಿದ ಕೂಸಿಗೆ ಆಯುಷ್ಯ ಗಟ್ಟಿಯಾಗಲೆಂದು ಹಿರಿಯರು ಉಟ್ಟ ಹಳೇ ಬಟ್ಟೆಯ ತುಂಡು ಹೊದಿಸುತ್ತಾರೆ. ಅಜ್ಜನ ಧೋತರಗಳು ಹಾಗೇ ಸುತ್ತಲ ಹಳ್ಳಿಗೆಲ್ಲ ಹಂಚಿಹೋಗಿವೆ. ಇದನ್ನು ಆಕೆಗೆ ತಿಳಿಸಿದ್ದೇ ತಪ್ಪಾಯಿತು. ತಟ್ಟನೆ ಫೋನು ತೆಗೆದು ಮೊನ್ನೆ ಹುಟ್ಟಿದ ಮೊಮ್ಮಗನ ಫೋಟೊ ತೋರಿಸಿದರು. ಅಜ್ಜ ಹಗ್ಗದ ಮೇಲಿನ ಧೋತರಕ್ಕೆ ಕೈ ಹಾಕಿದ.

"ಮಾವಾರ, ಅದೊಂದ ಉಳದೈತ್ರಿ!" ಒಳಗಿಂದ ಸೊಸೆ ಕೂಗಿದಳು.

ಅಷ್ಟರಲ್ಲಿ ಪರ್ರನೆ ಹರಿದಾಗಿತ್ತು.

ನಾಚಿಕೆಯಾಗಿ ಮುಂದಿನ ವಾರ ಹೊಸ ಧೋತರ ಒಯ್ದುಕೊಟ್ಟೆ. ಅಜ್ಜ ಅದರ ಅಂಚು ಸವರಿ ನಿಟ್ಟುಸಿರು ಬಿಟ್ಟ.

"ಮತ್ತ ಕೆಲಸಾ ಹಚ್ಚಿದಿ ನೋಡಪಾ. ಇದ ಹಳೀದ ಆಗೂತನಕ ಇನ್ನ ಸಾಯಾಕೂ ಬರಂಗಿಲ್ಲ."