ಶಿವಪ್ಪನ ಇಪ್ಪತ್ತಾರು ತಾಸು

ಕೊರೊನಾ ಹಾವಳಿ ಅಡಗಿದ ಮರುವರ್ಷ. ಪುಣೆಯ ಖಾಸಗಿ ಸರಕು ಸಾಗಣೆ ಸಂಸ್ಥೆಯೊಂದರಲ್ಲಿ ನಾನು ಸುರಕ್ಷತಾ ಅಧಿಕಾರಿಯಾಗಿದ್ದೆ. ಅಪಘಾತವಾದರೆ ಕಾರಣ ಹುಡುಕಿ ವರದಿ ಬರೆಯುವುದು ನನ್ನ ಕೆಲಸ.

ಒಂದು ದಿನ ಮಧ್ಯಾಹ್ನಕ್ಕೆ ಮೊದಲು ಊರಂಚಿನ ಕಾತ್ರಜ ಘಾಟಿನ ಇಳಿಜಾರಿನಲ್ಲಿ ನಮ್ಮ ಲಾರಿ ಸ್ಕೂಟರಿಗೆ ಗುದ್ದಿತು. ಸ್ಕೂಟರಿನಲ್ಲಿದ್ದ ಶಾಲಾ ಶಿಕ್ಷಕಿ ಸ್ಥಳದಲ್ಲೇ ತೀರಿಕೊಂಡರು. ಚಾಲಕ ಶಿವಪ್ಪ ವಿಜಯಪುರದ ಕಡೆಯವನು. ಪಕ್ಕೆಲುಬು ಮುರಿದು ಆಸ್ಪತ್ರೆ ಸೇರಿದ್ದ. ಸಂಜೆ ನಾನು ಹೋದಾಗ ಬಾಗಿಲಲ್ಲಿ ಪೊಲೀಸ್ ಪೇದೆ ಕುಳಿತಿದ್ದ.

"ಕಣ್ಣು ಮುಚ್ಚಿದ್ದು ಗೊತ್ತ ಆಗ್ಲಿಲ್ರಿ ಸಾಹೇಬ್ರ. ನಿನ್ನಿ ಮುಂಜಾನಿಂದ ಗಾಡಿ ಮ್ಯಾಲ ಇದ್ದೆ," ಎಂದ ಶಿವಪ್ಪ.

ಕಚೇರಿಯ ಎಕ್ಸೆಲ್ ಹಾಳೆಯಲ್ಲಿ ಅವನ ಕೆಲಸದ ಅವಧಿ 'ಎರಡು ಗಂಟೆ' ಎಂದಿತ್ತು. ನಮ್ಮ ಮುಖ್ಯಸ್ಥರು, ಕುಲಕರ್ಣಿಯವರು, ಅದನ್ನೇ ತೋರಿಸಿದರು. "ಸುಳ್ಳು ಹೇಳ್ತಾನ್ರಿ ಅವ. ಚಾಲಕನ ನಿರ್ಲಕ್ಷ್ಯ ಅಂತ ಬರ್ದು ಮುಗಸ್ರಿ."

ಆದರೆ ಅದೇ ಸಾಲಿನಲ್ಲಿ ಹೊರಟ ದಿನಾಂಕಕ್ಕೂ ಅಪಘಾತದ ದಿನಾಂಕಕ್ಕೂ ಒಂದು ದಿನದ ಅಂತರವಿತ್ತು. ಅವಧಿ ಲೆಕ್ಕ ಹಾಕುವ ಸೂತ್ರ ತೆರೆದು ನೋಡಿದೆ. ಅಲ್ಲಿದ್ದದ್ದು HOUR ಎಂಬ ಫಂಕ್ಷನ್. ಕೊಟ್ಟ ಸಮಯದಿಂದ ಗಂಟೆಯ ಭಾಗವನ್ನಷ್ಟೇ ಅದು ಕಿತ್ತು ಕೊಡುತ್ತದೆ; MINUTE ನಿಮಿಷವನ್ನು, SECOND ಸೆಕೆಂಡನ್ನು. HOUR ಗಡಿಯಾರದಂತೆ ಎಣಿಸುತ್ತದೆ. ಇಪ್ಪತ್ನಾಲ್ಕು ತುಂಬಿದರೆ ಒಂದು ದಿನವೆಂದು ಅದನ್ನು ಬಿಟ್ಟು, ಉಳಿದದ್ದನ್ನು ಮಾತ್ರ ತೋರಿಸುತ್ತದೆ. ಶಿವಪ್ಪ ಹುಬ್ಬಳ್ಳಿಗೆ ಹೋಗಿ, ಸರಕು ಇಳಿಸಿ, ಮತ್ತೆ ತುಂಬಿಸಿಕೊಂಡು, ಮಲಗದೆ ಮರಳಿದ್ದ. ಇಪ್ಪತ್ತಾರು ಗಂಟೆ ಹಾಳೆಯಲ್ಲಿ ಎರಡಾಗಿತ್ತು.

ಹಾಳೆ ತಯಾರಿಸಿದವನು ಮೈಸೂರಿನ ಕಿರಣ್. ಕರೆದು ತೋರಿಸಿದೆ.

"ಟೆಸ್ಟ್ ಮಾಡಿದ್ದೆ ಸರ್. ಎಂಟು, ಹತ್ತು, ಹನ್ನೆರಡು ಗಂಟೆ ಹಾಕಿ ನೋಡ್ದೆ. ಎಲ್ಲಾ ಕರೆಕ್ಟಾಗಿ ಬಂತು." ಶಿವಪ್ಪನ ಸಾಲಿನ ದಿನಾಂಕಗಳ ಮೇಲೆ ಬೆರಳಿಟ್ಟ. "ಒಂದು ಇಡೀ ದಿನಕ್ಕಿಂತ ಜಾಸ್ತಿ ಯಾರಾದ್ರೂ ಗಾಡಿ ಓಡಿಸ್ತಾರಾ ಸರ್?"

ನಾನು ತಿದ್ದುವ ದಾರಿ ಹೇಳಿಕೊಟ್ಟೆ. ಎಕ್ಸೆಲ್ ಸಮಯವನ್ನು ದಿನದ ಭಾಗವಾಗಿ ಇಟ್ಟುಕೊಳ್ಳುವುದರಿಂದ, HOUR ತೆಗೆದು ಅವಧಿಯನ್ನು ಇಪ್ಪತ್ನಾಲ್ಕರಿಂದ ಗುಣಿಸಿದರೆ ಒಟ್ಟು ಗಂಟೆ ಸಿಗುತ್ತದೆ. ಕಿರಣ್ ಹಾಗೆಯೇ ಮಾಡಿದ. ಕೆಲಸದ ಗಂಟೆಗಳ ಮಿತಿ ಮೀರಿದ ಸೆಲ್‌ಗಳು ಕೆಂಪಾಗುವ ವ್ಯವಸ್ಥೆ ಮೊದಲೇ ಇತ್ತು. ಈಗ ಶಿವಪ್ಪನ ಸಾಲಷ್ಟೇ ಅಲ್ಲ, ಹಾಳೆಯ ಉದ್ದಕ್ಕೂ ಬೇರೆ ಚಾಲಕರ ಸಾಲುಗಳೂ ಕೆಂಪಾಗುತ್ತ ಹೋದವು.

ತಿದ್ದಿದ ಹಾಳೆ ತೋರಿಸಿದಾಗ ಕುಲಕರ್ಣಿಯವರಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. "ಪೊಲೀಸರಿಗೆ ಹಳೇದ ಕೊಡ್ರಿ," ಎಂದರಷ್ಟೇ. ನಾನು ಹಳೆಯದು, ತಿದ್ದಿದ್ದು ಎರಡನ್ನೂ ಕೊಟ್ಟೆ. ಸಂಸ್ಥೆಯ ಮೇಲೂ ಪ್ರಕರಣ ದಾಖಲಾಯಿತು. ನನ್ನನ್ನು ಗೋದಾಮಿಗೆ ಎತ್ತಿಹಾಕಿದರು.

ಆಸ್ಪತ್ರೆಯಿಂದ ಯೆರವಡಾ ಜೈಲಿಗೆ ಕಳುಹಿಸಿದ್ದ ಶಿವಪ್ಪನನ್ನು ಅಲ್ಲಿ ಕಂಡು, ಅವನ ಮಾತು ಸಾಬೀತಾಯಿತೆಂದು ತಿಳಿಸಿದೆ. ಅವನ ಮುಖದಲ್ಲಿ ಸಮಾಧಾನ ಕಾಣಲಿಲ್ಲ.

"ಸತ್ತ ಆ ಟೀಚರ್ ಬಾಯಾರು ತಿರುಗಿ ಬರ್ತಾರೇನ್ರಿ?" ಎಂದು ಕೇಳಿದ.

ಅವನಂಥವರು ಬೇರೆ ಲಾರಿಗಳಲ್ಲಿ ತಿಂಗಳುಗಟ್ಟಲೆ ನಿದ್ದೆಗೆಟ್ಟು ನಮ್ಮ ಗೇಟು ದಾಟಿದ್ದರು. ದಿನವೂ ನೋಡುತ್ತಿದ್ದ ನಾವ್ಯಾರೂ ಒಬ್ಬನನ್ನೂ ನಿಲ್ಲಿಸಿ, ಮಲಗಿದ್ದು ಯಾವಾಗ ಎಂದು ಕೇಳಿರಲಿಲ್ಲ. ಸುರಕ್ಷತಾ ಅಧಿಕಾರಿಯ ಕೆಲಸ ಆ ಪ್ರಶ್ನೆಯಿಂದ ಶುರುವಾಗಬೇಕು. ಇದನ್ನು ಕಲಿಯಲು ಒಬ್ಬರ ಜೀವ ಹೋಗಬೇಕಾಯಿತು.