ಟಿಕೆಟ್ ಇಲ್ಲದ ಬೇಸಿಗೆ

ನಾವು ಸ್ವೀಡನ್ ನೋಡಿದ್ದು ನನ್ನ ಕೆಲಸ ಹೋದ ಬೇಸಿಗೆಯಲ್ಲಿ. ಅದಕ್ಕೆ ಮುಂಚಿನ ಮೂರು ಬೇಸಿಗೆ ರಜೆಗಳೂ ಕೋಲಾರಕ್ಕೆ ಹೋಗಿ ಬರುವುದರಲ್ಲೇ ಮುಗಿದಿದ್ದವು. ಗೋಥೆನ್‌ಬರ್ಗ್‌ನ ಮನೆ, ಹೊಳೆ ದಾಟಿಸುವ ಫೆರಿ, ಆಚೆ ದಡದ ಲಿಂಡ್‌ಹೋಲ್ಮೆನ್‌ನಲ್ಲಿ ಆಫೀಸು. ಈ ದೇಶದಲ್ಲಿ ನಾನು ಕಂಡಿದ್ದ ಪ್ರೇಕ್ಷಣೀಯ ಸ್ಥಳವೆಂದರೆ ಆ ಫೆರಿಯೊಂದೇ.

ಮೇ ತಿಂಗಳ ಕೊನೆಗೆ ನಮ್ಮ ತಂಡವನ್ನೇ ಮುಚ್ಚಿದರು. ನನ್ನ ಪರ್ಮಿಟ್ ಕೆಲಸದ ಮೇಲೆ ನಿಂತಿತ್ತು, ಗಂಡನದೂ ಮಗಳದೂ ನನ್ನದರ ಮೇಲೆ. ಮೂರು ತಿಂಗಳೊಳಗೆ ಇನ್ನೊಂದು ಕೆಲಸ ಹುಡುಕಿಕೊಳ್ಳಬೇಕು, ಇಲ್ಲದಿದ್ದರೆ ದೇಶ ಬಿಡಬೇಕು. ಕಾಯಂ ಆಗಿ ಉಳಿಯಲು ಅರ್ಜಿ ಹಾಕುವುದಕ್ಕೆ ನಾಲ್ಕು ವರ್ಷ ತುಂಬಬೇಕಿತ್ತು, ನಮಗೆ ಇನ್ನು ಕೆಲವೇ ತಿಂಗಳು ಬಾಕಿ ಇತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮಗಳಿಗೆ ಆಗ ಎಂಟು ವರ್ಷ. ಅವಳಿಗೆ ಏನೂ ಹೇಳಬಾರದು ಎಂದು ನಾನೇ ತೀರ್ಮಾನಿಸಿದೆ. ಗೋಥೆನ್‌ಬರ್ಗ್ ಬಿಟ್ಟರೆ ಬೇರೆ ಊರಿನಲ್ಲಿ ಬದುಕಿದ ನೆನಪು ಅವಳಿಗಿಲ್ಲ. ಸ್ಕೇಟಿಂಗ್ ಕಲಿತದ್ದು ಅಲ್ಲಿ, ಹಲ್ಲು ಬಿದ್ದದ್ದು ಅಲ್ಲಿ, ಜಗಳವಾಡಿ ರಾಜಿಯಾಗುವ ಗೆಳತಿ ಇದ್ದದ್ದು ಕೆಳಗಿನ ಮಹಡಿಯಲ್ಲಿ. ಕೆಲಸ ಸಿಕ್ಕಿಬಿಟ್ಟರೆ ಸುಮ್ಮನೆ ಯಾಕೆ ಅಳಿಸಬೇಕು ಅನ್ನುವುದು ನನ್ನ ವಾದ. ನಿಜ ಹೇಳಬೇಕೆಂದರೆ ಅವಳು ಅತ್ತರೆ ತಡೆದುಕೊಳ್ಳುವ ಶಕ್ತಿ ನನಗಿರಲಿಲ್ಲ.

ಮುಚ್ಚಿಡುವುದು ಸುಲಭ ಎಂದುಕೊಂಡಿದ್ದೆ. ಬಂದ ಹೊಸದರಲ್ಲಿ ಅರಳು ಹುರಿದ ಹಾಗೆ ಕನ್ನಡ ಆಡುತ್ತಿದ್ದ ಮಗು ದಾಗಿಸ್‌ಗೆ, ಎಂದರೆ ಇಲ್ಲಿನ ಶಿಶುವಿಹಾರಕ್ಕೆ, ಹೋಗತೊಡಗಿದ ವರ್ಷದೊಳಗೆ ಸ್ವೀಡಿಷ್‌ಗೆ ಹೊರಳಿತ್ತು. ನಾವು ಕನ್ನಡದಲ್ಲಿ ಊಟಕ್ಕೆ ಕರೆದರೆ ಅವಳು ಸ್ವೀಡಿಷ್‌ನಲ್ಲಿ ಹಸಿವಿಲ್ಲ ಎನ್ನುತ್ತಿದ್ದಳು. ಊಟ, ಸ್ನಾನ, ಚಪ್ಪಲಿ, ಇಷ್ಟರ ಆಚೆಗಿನ ಕನ್ನಡವೆಲ್ಲ ಹೋಯಿತು ಎಂದು ನಾನು ಫೋನಿನಲ್ಲಿ ಅಮ್ಮನೆದುರು ಎಷ್ಟೋ ಸಲ ಕೊರಗಿದ್ದೆ. ಹಾಗಾಗಿ ಗುಟ್ಟಿನ ಮಾತಿಗೆ ಕನ್ನಡವೇ ಸಾಕಾಯಿತು. ಅದರಲ್ಲೂ ಇಂಗ್ಲಿಷ್ ಪದ ಒಂದೂ ನುಸುಳದಂತೆ ನೋಡಿಕೊಂಡೆವು. ಪರ್ಮಿಟ್‌ಗೆ 'ಚೀಟಿ' ಎಂದೆವು. ಆಗಸ್ಟ್ ಎನ್ನುವ ಕಡೆ 'ಶ್ರಾವಣ' ಎಂದೆವು. 'ಶ್ರಾವಣದ ತನಕ ಚೀಟಿ ಇದೆ, ಆಮೇಲೆ ದೇವ್ರಿದ್ದಾನೆ' ಎಂದು ಗಂಡ ಪಾತ್ರೆ ತೊಳೆಯುತ್ತಾ ಹೇಳುತ್ತಿದ್ದ. ಮಗಳು ಅಲ್ಲೇ ಕೂತು ಬಣ್ಣ ಹಚ್ಚುತ್ತಿದ್ದಳು.

ಜೂನ್ ಮೊದಲ ವಾರದಲ್ಲಿ ಕೋಲಾರದಿಂದ ಅಮ್ಮ ಫೋನ್ ಮಾಡಿ ಸಂಭ್ರಮಪಟ್ಟಳು. 'ನಿನ್ ಮಗಳು ನಿನ್ನೆ ವಿಡಿಯೋದಲ್ಲಿ ಶ್ರಾವಣ ಅಂದ್ರೇನಜ್ಜಿ ಅಂತ ಕೇಳಿದ್ಲು ಕಣೇ! ನಂಗೆಷ್ಟು ಖುಷಿಯಾಯ್ತು ಗೊತ್ತಾ? ಆಗಸ್ಟ್‌ನಲ್ಲಿ ಬರುತ್ತೆ, ವರಮಾಲಕ್ಷ್ಮಿ ಹಬ್ಬ ಇರುತ್ತೆ ಅಂತೆಲ್ಲ ಹೇಳ್ಕೊಟ್ಟೆ.' ನನಗೂ ಹೆಮ್ಮೆಯಾಯಿತು. ಯಾಕೆ ಕೇಳಿದಳು ಎಂಬ ಯೋಚನೆಯೇ ಬರಲಿಲ್ಲ. ಶಾಲೆ ಮುಗಿದ ದಿನ ಅವಳು ಕೋಟು ತೂಗುಹಾಕುವ ತನ್ನ ಕೊಕ್ಕೆಯ ಮೇಲಿದ್ದ ಹೆಸರಿನ ಪಟ್ಟಿಯನ್ನು ಕಿತ್ತು ಮನೆಗೆ ತಂದಾಗಲೂ ಶಾಲೆಯ ವಸ್ತು ಹಾಳುಮಾಡಿದ್ದಕ್ಕೆ ಬೈದೆನೇ ಹೊರತು ಏನೂ ಕೇಳಲಿಲ್ಲ.

ಜುಲೈ ತಿಂಗಳಲ್ಲಿ ಈ ದೇಶದಲ್ಲಿ ಯಾರೂ ಯಾರಿಗೂ ಕೆಲಸ ಕೊಡುವುದಿಲ್ಲ. ಕೊಡಬೇಕಾದವರೆಲ್ಲ ತಮ್ಮ ಬೇಸಿಗೆ ಮನೆಗಳಲ್ಲಿರುತ್ತಾರೆ. ನಾನು ಅರ್ಜಿ ಕಳಿಸುವುದು, ರಜೆಯಲ್ಲಿದ್ದೇವೆ ಎಂಬ ಉತ್ತರ ಬರುವುದು, ನಾನು ಮನೆಯಲ್ಲಿ ಸಿಕ್ಕವರ ಮೇಲೆ ಹರಿಹಾಯುವುದು. ಇದನ್ನು ಎರಡು ವಾರ ನೋಡಿದ ಗಂಡ ಲೈಬ್ರರಿಯಿಂದ ಒಂದು ಪುಟ್ಟ ಪುಸ್ತಿಕೆ ತಂದ. ಕಾರಿನಲ್ಲಿ ಒಂದೂವರೆ ಗಂಟೆ ದೂರದ ಫಾಲ್‌ಶೋಪಿಂಗ್ ಎಂಬ ಊರಿನ ಸುತ್ತಲ ಹಳ್ಳಿಗಾಡಿನಲ್ಲಿ ನೋಡುವಂಥ ಜಾಗಗಳ ಪಟ್ಟಿ. ಅದರಲ್ಲಿ 'ಗ್ರಾತಿಸ್', ಎಂದರೆ ಪುಕ್ಕಟೆ, ಎಂದಿದ್ದ ಕಡೆಯೆಲ್ಲ ಪೆನ್ನಿನಿಂದ ಸುತ್ತು ಹಾಕಿದ್ದ.

'ಹೋಗೋದೇ ಆದ್ರೆ ನೋಡ್ಕೊಂಡಾದ್ರೂ ಹೋಗೋಣ ಕಣೇ' ಎಂದ.

'ಕೋಟೆ ಸೂರೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ' ಎಂದು ರೇಗಿದೆ. ಆದರೂ ಬೆಳಗ್ಗೆ ಎದ್ದು ಚಿತ್ರಾನ್ನ ಕಲಸಿದೆ.

ಮೊದಲ ದಿನ ಹೋದದ್ದು ಹಸುಗಳು ಮೇಯುವ ಒಂದು ಬಯಲಿಗೆ. ಐದು ಸಾವಿರ ವರ್ಷದ ಹಿಂದಿನ ಕಲ್ಲಿನ ಗೋರಿಗಳು ಅಲ್ಲಿ ಸಾಲಾಗಿ ನಿಂತಿವೆ. ಬೇಲಿಯ ಗೇಟನ್ನು ನಾವೇ ತೆಗೆದು ನಾವೇ ಹಾಕಿಕೊಳ್ಳಬೇಕು, ಕಾವಲಿನವರಿಲ್ಲ, ಕೇಳುವವರಿಲ್ಲ. ನಿಲ್ಲಿಸಿದ ಚಪ್ಪಡಿಗಳ ಮೇಲೆ ಆನೆಯಂಥ ಒಂದೊಂದು ಬಂಡೆ. ಗಂಡ ಸೊಂಟದ ಮೇಲೆ ಕೈಯಿಟ್ಟು ನೋಡಿದ. 'ಇದು ನಮ್ ಕಡೆ ಪಾಂಡವರ ಗುಡಿ ಅಲ್ವೇನೇ? ಪಾಂಡವರು ವನವಾಸಕ್ಕೆ ಇಲ್ಲಿಗೂ ಬಂದಿದ್ರು ಅನ್ಸುತ್ತೆ.'

'ಅವರನ್ನ ಚೀಟಿ ಕೇಳೋರು ಯಾರಿದ್ರು' ಎಂದೆ.

ಅವನು ನಗಲಿಲ್ಲ. ಗೋರಿಯೊಳಕ್ಕೆ ತೆವಳಿಕೊಂಡು ಹೋಗಿದ್ದ ಮಗಳು ಆಗಲೇ ಹೊರಗೆ ತಲೆ ಹಾಕಿ ನನ್ನ ಮುಖವನ್ನೇ ನೋಡುತ್ತಿದ್ದಳು. ಹಸಿವಾಗಿರಬೇಕು ಎಂದುಕೊಂಡು ಡಬ್ಬಿ ಬಿಚ್ಚಿದೆ.

ಮಧ್ಯಾಹ್ನ ಹತ್ತಿರದ ಹಳ್ಳಿಯ ಚರ್ಚಿಗೆ ಹೋದೆವು. ಬೇಸಿಗೆಯಲ್ಲಿ ದಾರಿಹೋಕರಿಗೆಂದು ಅದರ ಬಾಗಿಲು ತೆರೆದಿಟ್ಟಿರುತ್ತಾರೆ. ಊರಿನ ಹಿರಿಯ ಹೆಂಗಸೊಬ್ಬರು ಫ್ಲಾಸ್ಕಿನಲ್ಲಿ ಕಾಫಿ, ಮನೆಯಲ್ಲಿ ಮಾಡಿದ ಬನ್ನು ಇಟ್ಟುಕೊಂಡು ಕೂತಿದ್ದರು. ಬಾಗಿಲ ಬಳಿ ಸಂದರ್ಶಕರ ಪುಸ್ತಕ. ಒಂದು ಕಾಲಂ ಹೆಸರಿಗೆ, ಇನ್ನೊಂದರ ತಲೆಯ ಮೇಲೆ 'ಹೆಮ್‌ಊರ್ಟ್' ಎಂದಿತ್ತು. ನಾನು ಸ್ವೀಡಿಷ್ ಕಲಿತದ್ದು ಅಷ್ಟಕ್ಕಷ್ಟೇ. ಆದರೆ ಆ ಪದದೊಳಗೆ ನನಗೆ 'ಊರು' ಕೇಳಿಸಿತು. ಹೆಮ್ ಎಂದರೆ ಮನೆ. ಮನೆಯ ಊರು, ಅಂದರೆ ಸ್ವಂತ ಊರು, ಹುಟ್ಟಿದ ಊರು, ನಿಮ್ಮದು ಯಾವೂರಾಯ್ತು ಎಂದು ಬಸ್ಸಿನಲ್ಲಿ ಪಕ್ಕದವರು ಕೇಳುತ್ತಾರಲ್ಲ, ಆ ಊರು. ಮೂವರ ಹೆಸರು ಬರೆದು ಮೂರರ ಮುಂದೆಯೂ ಕೋಲಾರ, ಕೋಲಾರ, ಕೋಲಾರ ಎಂದು ಬರೆದೆ.

ಮಗಳು ಸ್ವೀಡಿಷ್‌ನಲ್ಲಿ ತಕರಾರು ತೆಗೆದಳು. ಅಲ್ಲಿ ಬರೆಯಬೇಕಾದದ್ದು ಈಗ ವಾಸ ಇರುವ ಊರು, ಅಮ್ಮ ತಪ್ಪು ಬರೆದಿದ್ದಾಳೆ ಎಂದಳು. ಕಾಫಿಯ ಹೆಂಗಸು ನಮ್ಮ ಕಡೆ ನೋಡಿ ಮುಗುಳ್ನಕ್ಕರು. ನನಗೆ ಎಲ್ಲಿತ್ತೋ ಸಿಟ್ಟು.

'ನಿನ್ನೂರು ಕೋಲಾರಾನೇ. ಯಾರ್ ಕೇಳಿದ್ರೂ ಹಾಗೇ ಹೇಳ್ಬೇಕು, ಗೊತ್ತಾಯ್ತಾ?'

ಆ ಮಾತನ್ನು ಅವಳಿಗಿಂತ ಹೆಚ್ಚು ನನಗೇ ಹೇಳಿಕೊಂಡೆ ಎಂದು ಈಗ ಅನಿಸುತ್ತದೆ. ಕಾರಿನ ಹತ್ತಿರ ಬಂದ ಮೇಲೆ ಅವಳು ಟೋಪಿ ಮರೆತೆ ಎಂದು ಚರ್ಚಿಗೆ ಓಡಿದಳು. ಟೋಪಿ ಕಾರಿನ ಸೀಟಿನ ಮೇಲೇ ಬಿದ್ದಿತ್ತು. ಮಕ್ಕಳಿಗೆ ಮರೆವು ಸಹಜ ಎಂದುಕೊಂಡೆ.

ಅಲ್ಲಿಂದ ಮುಂದೆ ವಾರಕ್ಕೆರಡು ದಿನ ಹೊರಟೆವು. ಹಕ್ಕಿ ನೋಡುವ ಮರದ ಗೋಪುರ ಹತ್ತಿದೆವು. ಹುಲ್ಲಿನ ಮಾಡಿನ ಹಳೆಯ ಗುಡಿಸಲುಗಳ ಮುಂದೆ ಚಪಾತಿ ತಿಂದೆವು. ಕಲ್ಲಿನ ಮೇಲೆ ಕೊರೆದ ಹಳೆಯ ಲಿಪಿಯನ್ನು ಮಗಳು ಬೆರಳಿನಿಂದ ತೀಡಿದಳು. ಮನಸ್ಸು ನೆಟ್ಟಗಿದ್ದಿದ್ದರೆ ಇವೆಲ್ಲ ಎಷ್ಟು ಚೆಂದ! ನಾನು ಮಾತ್ರ ಎಲ್ಲವನ್ನೂ ಹೊರಡುವವಳ ಕಣ್ಣಿನಿಂದಲೇ ನೋಡಿದೆ. ಇಷ್ಟು ಹತ್ತಿರದಲ್ಲಿ, ಇಷ್ಟು ಪುಕ್ಕಟೆಯಾಗಿ ಇದ್ದದ್ದನ್ನು ಇಷ್ಟು ದಿನ ನೋಡದೆ ಹೋದೆನಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು. ಮುಂದಿನ ಸೀಟಿನಲ್ಲಿ ನಾವಿಬ್ಬರೂ ಚೀಟಿ, ಶ್ರಾವಣ ಎಂದು ಮಾತಾಡುತ್ತಿದ್ದೆವು. ಹಿಂದಿನ ಸೀಟಿನಲ್ಲಿ ಮಗಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿರುತ್ತಿದ್ದಳು.

ಆಗಸ್ಟ್‌ನ ಮೊದಲ ವಾರ ಒಂದು ದಿನ ದಾರಿಯಲ್ಲಿರುವಾಗಲೇ ನಾನು ಬಹಳ ನಂಬಿಕೊಂಡಿದ್ದ ಕಂಪನಿಯಿಂದ ಫೋನ್ ಬಂತು. ಬೇರೆಯವರನ್ನು ಆರಿಸಿಕೊಂಡರಂತೆ. ಫೋನ್ ಇಟ್ಟು 'ಇಲ್ಲ' ಎಂದೆ. ಅಷ್ಟರಲ್ಲಿ ಆಲಿಕಲ್ಲು ಮಳೆ ಹಿಡಿಯಿತು. ಎದುರಿಗೆ ಸಿಕ್ಕಿದ್ದು ಮೊದಲ ದಿನದ ಅದೇ ಚರ್ಚು. ಒಳಗೆ ಓಡಿದೆವು. ಕಾಫಿಯ ಹೆಂಗಸು ಗುರುತು ಹಿಡಿದು ಮಗಳಿಗೆ ಶರಬತ್ತು ಕೊಟ್ಟರು. ಗಂಡ ಕಾಫಿ ತರಲು ಹೋದ. ಕೈಗೆ ಕೆಲಸ ಬೇಕಿತ್ತು, ನಾನು ಸುಮ್ಮನೆ ಸಂದರ್ಶಕರ ಪುಸ್ತಕದ ಪುಟ ತಿರುವಿದೆ.

ನನ್ನ ಅಕ್ಷರದ ಮೂರು ಸಾಲು ಸಿಕ್ಕವು. ಮೂರನೆಯ ಸಾಲಿನಲ್ಲಿ, ಮಗಳ ಹೆಸರಿನ ಮುಂದಿದ್ದ ಕೋಲಾರಕ್ಕೆ ಪೆನ್ಸಿಲಿನ ಗೀಟು ಬಿದ್ದಿತ್ತು. ಅದರ ಕೆಳಗೆ ಅವಳ ದುಂಡು ಕೈಬರಹದಲ್ಲಿ ಇನ್ನೊಮ್ಮೆ ಅವಳ ಹೆಸರು. ಊರಿನ ಕಾಲಂನಲ್ಲಿ ಹೀಗಿತ್ತು: ಗೋಥೆನ್‌ಬರ್ಗ್, ಶ್ರಾವಣದ ತನಕ.

ಉಳಿದದ್ದೆಲ್ಲ ಸ್ವೀಡಿಷ್. ಶ್ರಾವಣ ಮಾತ್ರ ಶ್ರಾವಣವಾಗಿಯೇ, ಅವರ ಅಕ್ಷರಗಳಲ್ಲಿ ಇತ್ತು. ಅಮ್ಮನ ಫೋನು, ಕೊಕ್ಕೆಯ ಹೆಸರಿನ ಪಟ್ಟಿ, ಟೋಪಿ, ಎಲ್ಲ ಒಟ್ಟಿಗೇ ನೆನಪಾದವು. ಪುಸ್ತಕ ಹಿಡಿದುಕೊಂಡು ಮಗಳ ಎದುರಿನ ಬೆಂಚಿನ ಮೇಲೆ ಕೂತೆ.

'ಯಾವಾಗಿಂದ ಗೊತ್ತು ನಿಂಗೆ?'

ಮಗಳು ಶರಬತ್ತಿನ ಲೋಟ ಕೆಳಗಿಟ್ಟಳು. ಅವಳ ಉತ್ತರ ಕನ್ನಡದಲ್ಲಿ ಬಂತು. ರಾಗ ಸ್ವೀಡಿಷ್‌ನದು, ಮಾತು ಕೋಲಾರದ್ದು. 'ತುಂಬಾ ದಿನದಿಂದ. ನೀವು ಅಡುಗೆಮನೇಲಿ, ಕಾರಲ್ಲಿ ಮಾತಾಡ್ತೀರಲ್ಲ. ಚೀಟಿ ಅಂದ್ರೇನು ಅಂತಾನೂ ಗೊತ್ತು.'

'ಮತ್ತೆ ಹೇಳ್ಳೇ ಇಲ್ವಲ್ಲ ಚಿನ್ನಾ.'

'ನೀವೂ ಹೇಳ್ಲಿಲ್ಲ. ಹೇಳಿದ್ರೆ ನೀನು ಅಳ್ತೀಯಾ ಅಂತ ಸುಮ್ನಿದ್ದೆ.'

ಅತ್ತೆ. ಕಾಫಿಯ ಹೆಂಗಸಿನ ಎದುರು, ಗಂಡನ ಎದುರು, ನನ್ನದಲ್ಲದ ದೇವರ ಎದುರು ನಾಚಿಕೆ ಬಿಟ್ಟು ಅತ್ತೆ. ಮೂರು ವರ್ಷ ಮಗಳ ಬಾಯಲ್ಲಿ ಒಂದು ಕನ್ನಡ ವಾಕ್ಯ ಕೇಳಬೇಕೆಂದು ಹಂಬಲಿಸಿದ್ದೆ. ಅದು ಅವಳೊಳಗೆ ಇದ್ದೇ ಇತ್ತು. ಎಂಟು ವರ್ಷದ ಮಗು ಇಡೀ ಬೇಸಿಗೆ ಅದರಲ್ಲಿ ನಮ್ಮ ಭಯವನ್ನೆಲ್ಲ ಕೇಳಿಸಿಕೊಂಡು, ನನ್ನನ್ನು ಕಾಯುವುದಕ್ಕಾಗಿ ತಾನು ನುಂಗಿಕೊಂಡಿತ್ತು. ಅವಳಿಂದ ಮುಚ್ಚಿಡುತ್ತಿದ್ದೇನೆ ಎಂದುಕೊಂಡು ನಾನು ಮಾಡಿದ್ದು ಅವಳನ್ನು ಒಂಟಿಯಾಗಿ ಬಿಟ್ಟದ್ದು, ಅಷ್ಟೇ.

ಅವಳು ಪುಸ್ತಕವನ್ನು ಇವತ್ತಿನ ಪುಟಕ್ಕೆ ತಿರುವಿ ಪೆನ್ಸಿಲ್ ಹಿಡಿದಳು. 'ಇವತ್ತು ಯಾವೂರು ಬರೀಲಿ ಅಮ್ಮ?'

ಪೆನ್ಸಿಲ್ ಈಸಿಕೊಂಡು ನಾನೇ ಬರೆದೆ. ಮೂವರ ಮುಂದೆಯೂ ಗೋಥೆನ್‌ಬರ್ಗ್. ಯಾವಾಗಿನ ತನಕ ಎಂದು ಬರೆಯಲಿಲ್ಲ. ಅವಳು ಅದನ್ನು ಓದಿ, ಕಾಗುಣಿತ ಒಂದು ಕಡೆ ತಿದ್ದಿ, ಶರಬತ್ತು ಕುಡಿದು ಮುಗಿಸಿದಳು.

ಗಡುವಿಗೆ ಎರಡು ವಾರವಿರುವಾಗ ಕೆಲಸ ಸಿಕ್ಕಿತು, ಮಾಲ್ಮೋದಲ್ಲಿ. ದೇಶ ಉಳಿಯಿತು, ಊರು ಉಳಿಯಲಿಲ್ಲ. ಈ ಸಲ ಯಾವುದನ್ನೂ ಮುಚ್ಚಿಡಲಿಲ್ಲ. ಕರಾರುಪತ್ರ ಬಂದ ಸಂಜೆಯೇ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮನೆ, ಶಾಲೆ, ಗೆಳತಿ, ಎಲ್ಲವನ್ನೂ ಬಿಡಬೇಕು ಎಂದು ಹೇಳಿದೆ. ಅವಳು ಅತ್ತಳು, ನಾನು ತಡೆದುಕೊಂಡೆ. ಸಾಮಾನಿನ ವ್ಯಾನನ್ನು ಮುಂದೆ ಕಳಿಸಿ ನಾವು ಕಾರಿನಲ್ಲಿ ಹೊರಟಾಗ ಅಮ್ಮ ಫೋನ್ ಮಾಡಿದಳು. ಸುಖವಾಗಿ ಸೇರಿಕೊಳ್ಳಿ ಎಂದು ಹರಸಿ, ಅವತ್ತು ಅಮಾವಾಸ್ಯೆ, ಶ್ರಾವಣ ಮುಗಿಯಿತು, ನಾಳೆಯಿಂದ ಭಾದ್ರಪದ ಎಂದಳು. ಸ್ಪೀಕರ್‌ನಲ್ಲಿದ್ದ ಮಾತು ಹಿಂದಿನ ಸೀಟಿಗೂ ಕೇಳಿಸಿತು.

'ನೋಡಮ್ಮ' ಎಂದಳು ಮಗಳು ಕನ್ನಡದಲ್ಲಿ, 'ನಾನು ಬರ್ದಿದ್ದೇ ಸರಿ.'