ಪೆಟ್ಟಿಗೆ ಎರಡು ಕಡೆ ಇಳಿದ ಸೋಮವಾರ

ದೆವ್ವ ಕಂಡೆ, ಕನಸಿನಲ್ಲಿ ದೇವರು ಬಂದು ಹೇಳಿದ ಎನ್ನುವವರು ಎದುರಾದರೆ ನಾನು ಮೊದಲು ಕೇಳುತ್ತಿದ್ದದ್ದು, ‘ಕಣ್ಣಿನ ಡಾಕ್ಟರಿಗೆ ತೋರಿಸಿ ಎಷ್ಟು ದಿನವಾಯಿತು?’ ಎಂದು. ಈ ನಾಲಿಗೆಯ ದೆಸೆಯಿಂದ ನೆಂಟರ ಮನೆಗಳಲ್ಲಿ ನನಗೆ ಒಳ್ಳೆಯ ಹೆಸರಿಲ್ಲ. ಇಂಥದ್ದನ್ನೆಲ್ಲ ನಂಬದವಳು ಎಂದು ಹೇಳಿಕೊಳ್ಳುವುದರಲ್ಲಿ ನನಗೆ ಜಂಬವೂ ಇತ್ತು, ಈಗಲೂ ಪೂರ್ತಿ ಹೋಗಿಲ್ಲ. ಆದರೆ ಕೆಲವು ವರ್ಷಗಳ ಹಿಂದೆ, ಕಾರ್ತಿಕದ ಒಂದು ಸೋಮವಾರ ಸಂಜೆ ನಡೆದದ್ದು ಇವತ್ತಿಗೂ ನನ್ನ ಲೆಕ್ಕಕ್ಕೆ ಸಿಕ್ಕಿಲ್ಲ. ಅದರಲ್ಲಿ ನನ್ನ ಸೋದರತ್ತೆಯ ಜೀವ ಸಿಕ್ಕಿಕೊಂಡಿತ್ತು. ಆದ್ದರಿಂದ ನಕ್ಕು ಮರೆತುಬಿಡುವುದೂ ಆಗಿಲ್ಲ.

ಮೊದಲು ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ಮೋಡಗಳಿಗಿಂತ ಮೇಲೆ, ವಿಮಾನಗಳೂ ಹೋಗದಷ್ಟು ಎತ್ತರದಲ್ಲಿ, ಸ್ಕೂಲಿನ ಪುಸ್ತಕದಲ್ಲಿ ಸಮೋಷ್ಣ ಮಂಡಲ ಎಂದು ಓದಿದ್ದೇವಲ್ಲ, ಅಲ್ಲಿ ಓಝೋನ್ ಹೇಗೆ ಹುಟ್ಟುತ್ತದೆ, ಯಾವ ಅನಿಲ ಅದನ್ನು ತಿಂದುಹಾಕುತ್ತದೆ ಎನ್ನುವುದು ನನ್ನ ವಿಷಯ. ಇದಕ್ಕೆ ಎರಡು ಸಾಕ್ಷಿಗಳಿವೆ. ಒಂದು ಉಪಗ್ರಹ: ಮೇಲಿನಿಂದ ನೋಡಿ ಅಳೆಯುತ್ತದೆ, ಆದರೆ ಎಲ್ಲ ಕಡೆ ಎಲ್ಲ ಹೊತ್ತು ನೋಡಲಾರದು. ಇನ್ನೊಂದು ಕಂಪ್ಯೂಟರಿನೊಳಗಿನ ಮಾದರಿ: ಗಾಳಿ, ಬಿಸಿಲು, ರಾಸಾಯನಿಕ ಕ್ರಿಯೆ ಎಲ್ಲವನ್ನೂ ಲೆಕ್ಕ ಹಾಕಿ ಇಂಥಲ್ಲಿ ಇಷ್ಟಿರಬೇಕು ಎನ್ನುತ್ತದೆ. ಎರಡೂ ತಪ್ಪು ಮಾಡುತ್ತವೆ. ಯಾರ ಮಾತನ್ನು ಎಷ್ಟು ನಂಬಬೇಕೆಂದು ತೂಗಿ, ಎರಡನ್ನೂ ಸೇರಿಸಿ ಒಂದು ಚಿತ್ರ ಮಾಡುವುದು ನನ್ನ ಕೆಲಸ. ನಾನು ಇದರಲ್ಲಿ ಪಳಗಿದವಳು, ಸುಮ್ಮನೆ ವಿನಯ ತೋರಿಸುವುದರಲ್ಲಿ ಅರ್ಥವಿಲ್ಲ.

ಆಗಾಗ ಮೂರನೆಯ ಸಾಕ್ಷಿಯೂ ಬೇಕಾಗುತ್ತದೆ. ಅದಕ್ಕೆ ಬಲೂನು ಬಿಡುತ್ತೇವೆ. ಆ ಸಲ ನಂಜನಗೂಡಿನ ಹೊರಗೆ ಒಂದು ಕಾಲೇಜಿನ ಮೈದಾನದಲ್ಲಿ ನಮ್ಮ ಬಿಡಾರ. ಬಲೂನಿನ ಕೆಳಗೆ ಥರ್ಮೋಕೋಲಿನ ಪುಟ್ಟ ಪೆಟ್ಟಿಗೆ, ಒಳಗೆ ಓಝೋನ್ ಅಳೆಯುವ ಯಂತ್ರ, ತಾನೆಲ್ಲಿದ್ದೇನೆ ಎಂದು ರೇಡಿಯೋದಲ್ಲಿ ಹೇಳುತ್ತಿರುವ ಇನ್ನೊಂದು ಯಂತ್ರ. ಪ್ರತಿ ಪೆಟ್ಟಿಗೆಗೂ ತನ್ನದೇ ನಂಬರು, ಕಳಿಸುವ ಪ್ರತಿ ಸುದ್ದಿಯ ಜೊತೆಗೂ ಆ ನಂಬರು ಬರುತ್ತದೆ. ಬಲೂನು ಮೇಲೆ ಹೋಗಿ ಒಡೆಯುತ್ತದೆ, ಪೆಟ್ಟಿಗೆ ಪ್ಯಾರಾಚೂಟಿನ ಕೊಡೆ ಬಿಚ್ಚಿಕೊಂಡು ಎಲ್ಲೋ ಇಳಿಯುತ್ತದೆ. ನೆಲ ಹತ್ತಿರವಾಗುತ್ತಿದ್ದಂತೆ ಮರ, ದಿಬ್ಬ ಅಡ್ಡ ಬಂದು ನಮಗೆ ಸುದ್ದಿ ನಿಲ್ಲುತ್ತದೆ. ಆಮೇಲೆ ಗಾಳಿಯ ಲೆಕ್ಕ ಹಾಕಿ ಎಲ್ಲಿ ಬಿದ್ದಿರಬಹುದೆಂದು ಹುಡುಕಿಕೊಂಡು ಹೋಗುವುದು ರೂಢಿ.

ಆ ಸೋಮವಾರ ಉಪಗ್ರಹ ನಮ್ಮ ತಲೆಯ ಮೇಲೆ ಹಾಯುವ ಮಧ್ಯಾಹ್ನಕ್ಕೆ ಸರಿಯಾಗಿ ಬಲೂನು ಬಿಟ್ಟೆವು. ಆಕಾಶ ತೊಳೆದಿಟ್ಟ ಹಾಗಿತ್ತು. ಎಲ್ಲವೂ ಅಂದುಕೊಂಡಂತೆ ನಡೆಯಿತು. ಪೆಟ್ಟಿಗೆ ಸೋಮನಾಥಪುರದ ಆಚೆ ಇಳಿಯುವಾಗ ಸುದ್ದಿ ನಿಂತಿತು. ಲೆಕ್ಕ ಹಾಕಿದೆವು, ಅಲ್ಲೇ ರಾಗಿ ಹೊಲಗಳ ನಡುವೆ ಒಂದು ಜಾಗ ಬಂತು. ಟೆಕ್ನಿಷಿಯನ್ ಚಿನ್ನಸ್ವಾಮಿ ಜೀಪಿನ ಕೀಲಿ ಕೈಯಲ್ಲಿ ಹಿಡಿದು, ಕತ್ತಲಾಗುವ ಮುಂಚೆ ಹೋಗಿಬರೋಣ ಎಂದು ಅವಸರ ಮಾಡುತ್ತಿದ್ದರು. ನಂಜನಗೂಡಿನವರೇ, ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಮಾತಿನಲ್ಲಿ ನನ್ನನ್ನು ಮೀರಿಸುವವರು. ನಾನು ಕಾಫಿ ಕುಡಿದು ಹೊರಡೋಣ ಎಂದೆ.

ಲೋಟ ಬಾಯಿಗಿಟ್ಟಿದ್ದೆ. ರಿಸೀವರು ಟಿಕ್ ಟಿಕ್ ಎನ್ನತೊಡಗಿತು.

“ಮೇಡಂ, ಸತ್ತೋಗಿದ್ದು ಎದ್ ಕೂತ್ಕತು ನೋಡಿ!” ಎಂದರು ಚಿನ್ನಸ್ವಾಮಿ.

“ಬ್ಯಾಟರಿ ಮುಗಿಯೋ ಟೈಮಲ್ಲಿ ಏನೇನೋ ಆಡುತ್ತೆ, ಬಿಡಿ.”

“ಆಡ್ಲಿ ಮೇಡಂ. ಆದ್ರೆ ಸೋಮನಾಥ್‌ಪುರ ಬುಟ್ಟು ಇಲ್ಯಾಕ್ ಬಂದು ಆಡ್ತಾ ಅದೆ?”

ಪರದೆ ನೋಡಿದೆ. ನಂಬರು ನಮ್ಮದೇ. ಆದರೆ ನಕ್ಷೆಯಲ್ಲಿ ಚುಕ್ಕೆ ಸೋಮನಾಥಪುರದ ಹತ್ತಿರವಲ್ಲ, ಎಷ್ಟೋ ದಕ್ಷಿಣಕ್ಕೆ, ಕಪಿಲೆಯ ದಂಡೆಯ ಕಡೆ ಇತ್ತು. ಸುತ್ತೂರಿನಿಂದ ಟಿ. ನರಸೀಪುರದ ಕಡೆ ಹೋಗುವಾಗ ಸಿಗುವ ಒಂದು ಹಳ್ಳಿ. ದೊಡ್ಡದು ಮಾಡಿ ನೋಡಿದೆ. ಕಬ್ಬಿನ ಹೊಲ, ಅದರ ಮೂಲೆಯಲ್ಲಿ ನೀಲಿ ಶೀಟು ಹೊದಿಸಿದ ಮೋಟರು ಮನೆ, ಪಕ್ಕದಲ್ಲಿ ದುಂಡನೆಯ ಬಾವಿ. ನನಗೆ ನಗು ಬಂತು. ಅದು ನನ್ನ ಸೋದರತ್ತೆಯ ಮೇಲಿನ ಹೊಲ. ಬೇಸಿಗೆ ರಜೆಯಲ್ಲಿ ಆ ಬಾವಿಯಲ್ಲೇ ನಾನು ಈಜು ಕಲಿತದ್ದು.

ಚುಕ್ಕೆ ಅಲ್ಲಾಡಲಿಲ್ಲ. ನೆಲದ ಮೇಲೆ ಮಲಗಿದೆ ಎಂದು ಎತ್ತರವೂ ಹೇಳುತ್ತಿತ್ತು. ಅಷ್ಟು ದೂರದಿಂದ, ನೆಲಮಟ್ಟದಿಂದ ಆ ಪುಟ್ಟ ರೇಡಿಯೋದ ಸದ್ದು ನಮ್ಮನ್ನು ಮುಟ್ಟುವುದು ಸಾಧ್ಯವೇ ಇಲ್ಲ. ಇದು ನನಗೂ ಗೊತ್ತು, ಚಿನ್ನಸ್ವಾಮಿಗೂ ಗೊತ್ತು. ಯಂತ್ರ ಕೆಟ್ಟಿದೆ ಎಂದೇ ನಾನು ತೀರ್ಮಾನಿಸಿದೆ. ಆದರೂ ಅತ್ತೆಯನ್ನು ರೇಗಿಸಲು ಒಳ್ಳೆಯ ನೆಪ ಸಿಕ್ಕಿತಲ್ಲ ಎಂದು ಫೋನ್ ಮಾಡಿದೆ. ಎತ್ತಿದ್ದು ಅತ್ತೆಯಲ್ಲ, ಸೊಸೆ ಭಾಗ್ಯಕ್ಕ.

“ಅತ್ತೆ ಉಲ್ಲಿಗೆ ಓಗವ್ರೆ ಕಣವ್ವ, ಕೆಳಗಿನ್ ಗದ್ದೆ ತಾವ್ಕೆ. ಫೋನ್ ಇಲ್ಲೇ ಬುಟ್ಟೋಗವ್ರೆ. ಇನ್ನೇನ್ ಬತ್ತಾರೆ, ದೀಪ ಅಚ್ಬೇಕಲ್ಲ. ಕಾರ್ತೀಕ ಸೋಮ್ವಾರ, ಇವತ್ತು ಉಪ್ವಾಸ.”

“ಉಪವಾಸಾನಾ? ಶುಗರ್ ಮಾತ್ರೆ ತಗೊಂಡಿಲ್ಲ ತಾನೆ?”

“ಅಯ್ಯೋ, ಬೆಳಿಗ್ಗೇನೇ ನುಂಗವ್ರೆ. ಒಂದ್ ದಿನಾನೂ ಬುಡ್ಬೇಡಿ ಅಂದಿಲ್ವಾ ಡಾಕ್ಟ್ರು?”

ನನ್ನ ನಗು ಅಲ್ಲಿಗೆ ಇಂಗಿತು. ನಮ್ಮ ಕಡೆ ಕಾರ್ತಿಕದ ಸೋಮವಾರ ನಂಜುಂಡಪ್ಪನ ಹೆಸರಿನಲ್ಲಿ ದೀಪ ಹಚ್ಚುವವರೆಗೆ ನೀರು ಬಿಟ್ಟು ಏನೂ ಮುಟ್ಟದವರಿದ್ದಾರೆ. ಅತ್ತೆ ದೇವರಿಗೂ ತಪ್ಪಲಿಲ್ಲ, ಡಾಕ್ಟರಿಗೂ ತಪ್ಪಲಿಲ್ಲ. ಸಕ್ಕರೆ ಇಳಿಸುವ ಮಾತ್ರೆಯನ್ನು ಬರೀ ಹೊಟ್ಟೆಗೆ ಹಾಕಿಕೊಂಡು, ದಿನವಿಡೀ ಉಪವಾಸವಿದ್ದು, ಬಿಸಿಲಿನಲ್ಲಿ ಹುಲ್ಲು ಕೊಯ್ಯಲು ಹೋಗಿದ್ದಳು. ಸಕ್ಕರೆ ತೀರಾ ಇಳಿದರೆ ನಿಂತಲ್ಲೇ ಕುಸಿದು ಬೀಳುತ್ತಾರೆ. ಭಾಗ್ಯಕ್ಕನ ಗಂಡನಿಗೆ, ಎಂದರೆ ನನ್ನ ಬಾವನಿಗೆ ಫೋನ್ ಕೊಡಲು ಹೇಳಿದೆ.

“ಬಾವ, ಅತ್ತೆ ಎಲ್ಲೋ ಬಿದ್ದಿರಬಹುದು. ಈಗಲೇ ಮೇಲಿನ ಹೊಲಕ್ಕೆ ಹೋಗು, ಮೋಟರು ಮನೆ ಹತ್ತಿರ. ಸಕ್ಕರೆ ತಗೊಂಡು ಹೋಗು.”

“ಮೇಗ್ಲೊಲಕ್ಕಾ? ಅಲ್ಲಿ ಕಬ್ಬು ಬುಟ್ರೆ ಏನದೆ? ಅವ್ವ ಅಲ್ಲಿಗ್ಯಾಕ್ ಓದಾಳು? ತಾಳು, ಗದ್ದೆ ತಾವ್ಕೋಗಿ ನೋಡ್ತೀನಿ.”

“ಗದ್ದೆಗೆ ಭಾಗ್ಯಕ್ಕ ಹೋಗ್ಲಿ. ನೀನು ಮೇಲಕ್ಕೆ ಹೋಗು.”

“ನಿಂಗ್ಯಾರ್ ಏಳಿದ್ರು?”

“ಆಮೇಲೆ ಕೇಳು ಬಾವ! ಗಾಡಿ ಹತ್ತು ಮೊದ್ಲು!”

ಅಷ್ಟು ಜೋರಾಗಿ ನಾನು ಯಾರ ಮೇಲೂ ಕಿರುಚಿದವಳಲ್ಲ. ಯಂತ್ರ ಕೆಟ್ಟಿದೆ ಎಂದು ಆಗಷ್ಟೇ ಹೇಳಿದ ಬಾಯಿ ಅದೇ ಯಂತ್ರದ ಮಾತನ್ನು ಹಿಡಿದು ಕೂಗುತ್ತಿತ್ತು. ಯಾಕೆ ಹಾಗೆ ಮಾಡಿದೆ ಎಂದರೆ, ಇನ್ನೇನು ಮಾಡಬೇಕಿತ್ತು? ಅತ್ತೆ ಎಲ್ಲಿದ್ದಾಳೆಂದು ಹೇಳಲು ನನ್ನ ಹತ್ತಿರ ಬೇರೆ ಚುಕ್ಕೆ ಇರಲಿಲ್ಲ. ಫೋನ್ ಇಟ್ಟು ತಿರುಗುವಷ್ಟರಲ್ಲಿ ರಿಸೀವರು ಸುಮ್ಮನಾಗಿತ್ತು. ಚಿನ್ನಸ್ವಾಮಿ ಜೀಪು ಸ್ಟಾರ್ಟ್ ಮಾಡಿದರು, ಸೋಮನಾಥಪುರದ ಕಡೆಗಲ್ಲ.

ನಾವು ಸುತ್ತೂರು ದಾಟುವಾಗ ಬಾವನ ಫೋನ್ ಬಂತು. ಅತ್ತೆ ಸಿಕ್ಕಿದ್ದಳು. ಮೋಟರು ಮನೆಯ ಹಿಂದೆ, ಕಬ್ಬಿನ ಬದುವಿನಲ್ಲಿ, ದಾರಿಯಲ್ಲಿ ಹೋಗುವವರ ಕಣ್ಣಿಗೆ ಬೀಳದ ಕಡೆ ಬಿದ್ದಿದ್ದಳಂತೆ. ಮೈ ಬೆವರಿ ತಣ್ಣಗಾಗಿತ್ತು, ಮಾತು ತೊದಲುತ್ತಿತ್ತು. ಬಾವ ಒಸಡಿಗೆ ಸಕ್ಕರೆ ಸವರಿ, ಪಕ್ಕದ ಹೊಲದವರ ಕಾರಿನಲ್ಲಿ ಹಾಕಿಕೊಂಡು ಟಿ. ನರಸೀಪುರದ ಆಸ್ಪತ್ರೆಗೆ ಹೊರಟಿದ್ದ. ನಾವು ಅಲ್ಲಿಗೆ ತಲುಪಿದಾಗ ಗ್ಲೂಕೋಸ್ ಏರಿಸಿದ್ದರು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ನಾನು ಹೊರಗೆ ಬೆಂಚಿನ ಮೇಲೆ ಕುಳಿತು, ಚಿನ್ನಸ್ವಾಮಿ ಎದುರಿಗಿದ್ದಾರೆ ಎನ್ನುವುದನ್ನೂ ನೋಡದೆ ಗಳಗಳನೆ ಅತ್ತುಬಿಟ್ಟೆ.

ಮಾರನೆಯ ದಿನ ಬೆಳಿಗ್ಗೆ ಅತ್ತೆ ಎದ್ದು ಕುಳಿತು ಇಡ್ಲಿಗೆ ಉಪ್ಪು ಕಡಿಮೆ ಎಂದು ಜಗಳ ತೆಗೆದಿದ್ದಳು. ಗದ್ದೆಗೆ ಹೋದವಳಿಗೆ ಪೂಜೆಗೆ ಪತ್ರೆ ಇಲ್ಲವೆನ್ನುವುದು ನೆನಪಾಗಿ, ಮೋಟರು ಮನೆಯ ಹಿಂದಿನ ಬಿಲ್ವದ ಗಿಡದಿಂದ ಕಿತ್ತು ತರೋಣವೆಂದು ಮೇಲೆ ಹತ್ತಿದ್ದಳಂತೆ. ಯಾರಿಗೂ ಹೇಳಿರಲಿಲ್ಲ. ಪೆಟ್ಟಿಗೆ, ಕೊಡೆ ಏನಾದರೂ ಕಂಡಿತೇ ಎಂದು ಕೇಳಿದೆ. ಏನೂ ಕಂಡಿರಲಿಲ್ಲ.

“ನಂಜುಂಡಪ್ಪ ಕಾಪಾಡ್ದ ಕಣವ್ವ,” ಎಂದಳು.

“ಉಪವಾಸ ಇರಿಸಿ ಬೀಳಿಸಿದ್ದೂ ಅವನೇ ತಾನೆ ಅತ್ತೆ?”

“ಬಾಯ್ ಮುಚ್ಚು ಕೂಸೇ! ಅವ್ನು ಮಾತ್ರೆ ನುಂಗು ಅಂದಿದ್ನಾ?” ಎಂದು ರೇಗಿದಳು.

ಅದೇ ಮಧ್ಯಾಹ್ನ ಸೋಮನಾಥಪುರದ ಕಡೆಯಿಂದ ಒಬ್ಬ ಮೇಷ್ಟ್ರು ಫೋನ್ ಮಾಡಿದರು. ಅವರ ರಾಗಿ ಹೊಲದಲ್ಲಿ ನಮ್ಮ ಪೆಟ್ಟಿಗೆ ಸಿಕ್ಕಿತ್ತು, ಅದರ ಮೇಲೆ ನಮ್ಮ ಫೋನ್ ನಂಬರು ಬರೆದಿತ್ತು. ನಾವು ಲೆಕ್ಕ ಹಾಕಿದ ಜಾಗದಿಂದ ಕೂಗಿದರೆ ಕೇಳುವಷ್ಟು ದೂರ. ತಂದು ಬಿಚ್ಚಿದೆವು. ಪೆಟ್ಟಿಗೆ ತಾನು ಹೋದ ದಾರಿಯನ್ನು ತನ್ನೊಳಗೂ ಬರೆದಿಟ್ಟುಕೊಳ್ಳುತ್ತದೆ. ಅದರ ಪ್ರಕಾರ ಸಂಜೆ ರಾಗಿ ಹೊಲದಲ್ಲಿ ಇಳಿದದ್ದು, ಬ್ಯಾಟರಿ ಮುಗಿಯುವವರೆಗೆ ಅಲ್ಲಿಂದ ಕದಲಿರಲಿಲ್ಲ. ಅದೇ ಹೊತ್ತಿನಲ್ಲಿ ಅದೇ ನಂಬರಿನಿಂದ, ಅತ್ತೆಯ ಹೊಲದಲ್ಲಿದ್ದೇನೆ ಎಂದು ನಮಗೆ ಸುದ್ದಿ ಬಂದಿತ್ತು.

ನಾನು ಸುಲಭವಾಗಿ ಬಿಡುವವಳಲ್ಲ. ರಿಸೀವರನ್ನು ಬಿಚ್ಚಿ ಪರೀಕ್ಷೆ ಮಾಡಿಸಿದೆ, ಚೆನ್ನಾಗಿತ್ತು. ಹಳೆಯ ಯಾವುದೋ ಜಾಗವನ್ನು ಕಂಪ್ಯೂಟರು ಮತ್ತೆ ತೋರಿಸಿತೇ ಎಂದು ಹುಡುಕಿದೆ. ಅತ್ತೆಯ ಹೊಲವನ್ನು ಆ ಸಂಜೆಗೆ ಮೊದಲು ಅದರಲ್ಲಿ ಯಾರೂ ಯಾವತ್ತೂ ತೆರೆದಿರಲಿಲ್ಲ. ಸಹೋದ್ಯೋಗಿಗಳಿಗೆ ಹೇಳಿದೆ. ಒಬ್ಬರು ತರಂಗ ಎಲ್ಲೋ ತಾಗಿ ತಿರುಗಿ ಬಂದಿರಬೇಕು ಎಂದರು. ತಿರುಗಿ ಬಂದರೆ ಸದ್ದು ತಡವಾದೀತು, ಅದರೊಳಗಿನ ಅಂಕಿ ಬದಲಾಗುವುದಿಲ್ಲ. ಇನ್ನೊಬ್ಬರು ಬರೀ ಕಾಕತಾಳೀಯ ಎಂದರು. ಇರಬಹುದು. ಇಡೀ ಮೈಸೂರು ಜಿಲ್ಲೆಯಲ್ಲಿ ಆ ಮೋಟರು ಮನೆಯ ಹಿಂದಕ್ಕೇ, ಆ ಹೊತ್ತಿಗೇ ಬಂದ ಕಾಕತಾಳೀಯ. ದೇವರು ಎಂದು ಒಪ್ಪಿಕೊಳ್ಳಲೂ ನನಗೆ ಮನಸ್ಸು ಬರುವುದಿಲ್ಲ. ಹಾಗೆಂದರೆ ಅವತ್ತೇ ಬೇರೆ ಹೊಲಗಳಲ್ಲಿ ಬಿದ್ದವರ ಗತಿಯೇನು ಎಂದು ಕೇಳಬೇಕಾಗುತ್ತದೆ.

ಅವತ್ತಿನ ಅಳತೆ ಮಾತ್ರ ಸೊಗಸಾಗಿತ್ತು. ಉಪಗ್ರಹ ಹೇಳಿದ್ದು, ಮಾದರಿ ಹೇಳಿದ್ದು, ಬಲೂನು ಕಂಡದ್ದು ಮೂರೂ ಒಂದಕ್ಕೊಂದು ಕೂಡಿ ಬಂದವು. ಆ ಕೆಲಸ ಪ್ರಕಟವಾಯಿತು, ಜನ ಮೆಚ್ಚಿಕೊಂಡರು. ಆದರೆ ಕಡತದ ಕೊನೆಯಲ್ಲಿ ಅತ್ತೆಯ ಹೊಲದ ಆ ಕೆಲವು ಸಾಲುಗಳಿದ್ದವಲ್ಲ, ಅವನ್ನು ಏನು ಮಾಡುವುದು? ಬೇರೆ ಯಾವ ಸಾಕ್ಷಿಗೂ ಹೊಂದದ ಅಳತೆಗೆ ‘ತಪ್ಪು’ ಎಂದು ಗುರುತು ಹಾಕಿ ಪಕ್ಕಕ್ಕಿಡುವುದು ನಮ್ಮ ನಿಯಮ. ದಿನವೂ ಅಂಥವನ್ನು ರಾಶಿ ರಾಶಿ ಎಸೆಯುತ್ತೇನೆ. ಇವುಗಳಿಗೂ ಹಾಕಿದೆ. ನನ್ನ ಪ್ರೀತಿಗಾಗಿ ವಿಜ್ಞಾನದ ನಿಯಮ ಮುರಿಯುವವಳು ನಾನಲ್ಲ.

ಗುರುತು ಹಾಕಿದ ಕೂಡಲೇ, ಅತ್ತೆ ಬದುಕಿ ಬಂದದ್ದನ್ನೂ ಅಳಿಸಿಬಿಟ್ಟೆನೇನೋ ಎನಿಸಿತು. ಅಂಕಿ ಅಳಿಸಿದರೆ ಆದದ್ದು ಆಗದೇ ಹೋಗುವುದಿಲ್ಲ ಎನ್ನುವುದು ಮಕ್ಕಳಿಗೂ ಗೊತ್ತು. ಆದರೂ ಫೋನ್ ತೆಗೆದು ಅತ್ತೆಗೆ ಮಾಡಿದೆ. ರಿಂಗಾಯಿತು. ಆಗುತ್ತಲೇ ಇತ್ತು. ಕೊನೆಗೆ ಎತ್ತಿದಳು.

“ಏನ್ ಕೂಸೇ ಇಷ್ಟೊತ್ನಲ್ಲಿ? ಆಲ್ ಕರೀತಿವ್ನಿ, ಬೇಗ ಏಳು.”

“ಏನಿಲ್ಲ ಅತ್ತೆ. ಸುಮ್ನೆ ಮಾಡ್ದೆ.”

ಮಾದರಿಯ ಹೊಸ ಆವೃತ್ತಿ ಬಂದಾಗಲೆಲ್ಲ ಹಳೆಯ ಅಳತೆಗಳನ್ನೆಲ್ಲ ಮತ್ತೆ ಮೊದಲಿಂದ ಹಾಯಿಸಬೇಕು, ಗುರುತುಗಳನ್ನೂ ಹೊಸದಾಗಿ ಹಾಕಬೇಕು. ಆ ಸಾಲುಗಳು ಪ್ರತಿ ಸಲವೂ ಎದುರಿಗೆ ಬರುತ್ತವೆ. ಪ್ರತಿ ಸಲವೂ ‘ತಪ್ಪು’ ಎಂದೇ ಹಾಕುತ್ತೇನೆ. ಆದರೆ ಈಗ ಮೊದಲು ಅತ್ತೆಗೆ ಫೋನ್ ಮಾಡುತ್ತೇನೆ, ಅವಳು ಮಾತನಾಡುತ್ತಿರುವಾಗಲೇ ಗುರುತು ಹಾಕಿ, ಅವಳ ಮಾತು ನಿಲ್ಲಲಿಲ್ಲ ಎಂದು ನೋಡಿಕೊಂಡ ಮೇಲೆ ಫೋನ್ ಇಡುತ್ತೇನೆ.